ಪಂಚಮಿಗೆ ಕೆಡೂ ಲಾರಿ

ಚಿಕ್ಕೇರೂರಿನ ಶಂಕ್ರಪ್ಪನ ಹಳೇ ಪೆಟ್ರೋಲ್ ಲಾರಿಗೆ ವರ್ಷಾ ನಾಗರಪಂಚಮಿ ಹೊತ್ತಿಗೇ ರೋಗ ಬರ್ತಿತ್ತು. ಉಳದ ದಿನ ಗುಂಡುಕಲ್ಲಿನಂಗ ಗಟ್ಟಿ. ಸೊಸಿ ಸುಧಾರಾಣಿ ತವರಿಗೆ ಹೋಗಾಕ ಚೀಲ ಕಟ್ಟಿದ್ಲೋ, ಇಂಜಿನ್ ಎರಡು ಸಲ ಕೆಮ್ಮಿ ಬಂದ್ ಬೀಳ್ತಿತ್ತು.

ಬಸ್ಸಿಗೆ ಹೋಗಬಾರದೇನು ಅಂತೀರಿ? ಹೋಗಬಾರದು! ಶಂಕ್ರಪ್ಪನ ಅಪ್ಪ ಲಾರಿ ತಂದ ದಿನಾನ ಹೇಳಿದ್ನಂತ, ಈ ಮನಿ ಸೊಸ್ತೇರು ತವರಿಗೆ ಹೋದ್ರ ಮನಿ ಗಾಡ್ಯಾಗ ಅಂತ. ಅಪ್ಪ ಸತ್ತ, ಮಾತು ಸಾಯಲಿಲ್ಲ. ಎರಡು ಪಂಚಮಿ ಸುಧಾರಾಣಿ ಇಲ್ಲೇ ಅಳ್ಳು ಹುರಕೋತ ಕಳದ್ಲು, ಶಿಗ್ಗಾಂವ್ಯಾಗ ಅವ್ವ ಉಂಡಿ ಕಟ್ಟಿ ದಾರಿ ಕಾದ್ಲು.

ಈ ವರ್ಷ ಆಕಿ ಬ್ಯಾರೇನ ಲೆಕ್ಕ ಹಾಕಿದ್ಲು. ಹೋದ್ರ ಹೊಳ್ಳಿ ಬರಂಗಿಲ್ಲ. ಗಂಡ ಲೋಹಿತ ಬೈದಾಂವಲ್ಲ, ಬಡದಾಂವಲ್ಲ. ಅಪ್ಪ ಶಂಕ್ರಪ್ಪ ಹೂಂ ಅಂದ್ರ ಹೂಂ, ಉಹುಂ ಅಂದ್ರ ಉಹುಂ, ಅಷ್ಟ. ಅಂಗಡಿಗೆ ಹೊಂಟ್ರೂ ಅತ್ತಿ ಮಹಾದೇವಕ್ಕ ಬೆನ್ನಿಗೆ. ಮದುವಿ ಮೊದಲ ಹೊಲಿಗಿ ಅಂಗಡ್ಯಾಗ ನಾಕು ಮಂದಿ ಕೂಡ ನಕ್ಕೋತ ಮಿಷನ್ ತುಳದಾಕಿಗೆ ಇಲ್ಲಿ ಉಸರು ಕಟ್ಟತಿತ್ತು. ಅದಕ್ಕ ಇದ್ದ ಸೀರಿ ಅಷ್ಟೂ ಚೀಲಕ್ಕ ತುರುಕಿದ್ಲು.

ಮುಂಜಾನೆ ಲಾರಿ ಮತ್ತ ಕೆಮ್ಮಿತು.

ಹಂಸಭಾವಿಯಿಂದ ಮೇಸ್ತ್ರಿ ಮುಜಮ್ಮಿಲ ಬಂದ. ಬಾನೆಟ್ ಎತ್ತಿದವನ ಕೈ ನೆಟ್ಟಗ ಕಾರ್ಬುರೇಟರಿಗೆ. ಸ್ಕ್ರೂ ಬಿಗಿ ಮಾಡಿದ, ಸಡಲ ಮಾಡಿದ. ಚೋಕ್ ಎಳದ್ರ ಓಡತಿತ್ತು, ಬಿಟ್ರ ಸಾಯ್ತಿತ್ತು. ಮಹಾದೇವಕ್ಕ ಕಟ್ಟಿ ಮ್ಯಾಲ ಕುಂತು ಎಲಿಗೆ ಸುಣ್ಣ ಹಚ್ಚಿಕೋತ ನೋಡಾಕತ್ತಿದ್ಲು.

"ಹಬ್ಬ ಮುಗದ ಮ್ಯಾಲ ಬರ್ತೇನ್ರಿ. ವರ್ಷಾ ಆವಾಗ ಕೈ ಹಚ್ಚಿದ ಕೂಡ್ಲೇ ಚಾಲೂ ಆಗತೈತಲ್ರಿ," ಅಂದ ಮುಜಮ್ಮಿಲ.

"ಏನ್ ಕೈಗುಣನೋ ಮಾರಾಯಾ ನಿಂದು!" ಶಂಕ್ರಪ್ಪ ರೇಗಿದ. "ಸುಧಾ, ಚೀಲ ಒಳಗ ಇಡವಾ. ಮುಂದಿನ ವರ್ಷ ನೋಡೂನು."

ಮುಂದಿನ ವರ್ಷ! ಸುಧಾರಾಣಿ ಚೀಲ ಮುಟ್ಟಲಿಲ್ಲ. ಚಾದ ಕಪ್ಪು ಹಿಡಕೊಂಡು ಬಾನೆಟ್ ಹಂತೇಕ ನಿಂತಾಕಿಗೆ ಇಂಜಿನ್ ಸಾಯೂ ಮುಂದ ಸುಸ್ ಅನ್ನೂ ಸದ್ದು ಕೇಳಿಸಿತ್ತು, ಕುಕ್ಕರಿನ ರಬ್ಬರ್ ಸಡಲಾದ್ರ ಬರ್ತೈತಲ್ಲ, ಅಂಥಾದ್ದು.

"ಅಣ್ಣಾರ, ಇನ್ನೊಂದ್ಸಲ ಚೋಕ್ ಎಳೀರಿ," ಅಂದ್ಲು.

ಇಂಜಿನ್ ಹಿಂದಿನ ಕತ್ತಲ ಸಂದ್ಯಾಗ ಕೈ ಹಾಕಿದ್ಲು. ಬ್ರೇಕಿನ ಕಡೆ ಹೋಗೂ ರಬ್ಬರ್ ಪೈಪು ಇಂಜಿನ್ನಿನ ನಳಿಗಿಯಿಂದ ಕಳಚಿ ಕೆಳಗ ಬಿದ್ದಿತ್ತು. ನಳಿಗಿ ಬಾಯಿಗೆ ಹೆಬ್ಬಟ್ಟು ಒತ್ತಿದ್ಲು. ಅದು ಬಟ್ಟನ್ನ ಒಳಗ ಎಳಕೊಂತು. ಮುಜಮ್ಮಿಲ ಚೋಕ್ ಬಿಟ್ಟ. ಇಂಜಿನ್ ಸಾಯಲಿಲ್ಲ.

"ಯಾ ಅಲ್ಲಾ!" ಅಂವ ಹಣಿ ಬಡಕೊಂಡ. "ಗಾಳಿ ಇಲ್ಲಿ ನುಗ್ಗಾಕತ್ತೈತಿ, ನಾ ಮೂರು ವರ್ಷ ಬರೇ ಸ್ಕ್ರೂ ತಿರವೇನಲ್ರಿ!"

ಸುಧಾರಾಣಿ ಪೈಪ್ ಎತ್ತಿ ನೋಡಿದ್ಲು. ಕರೀ ರಬ್ಬರಿನ ಮ್ಯಾಲ ಬೆಳ್ಳಗ ಎರಡು ಬಟ್ಟಿನ ಗುರುತು. ಎಲಿಗೆ ಹಚ್ಚೂ ಸುಣ್ಣ. ಈ ಮನ್ಯಾಗ ಎಲಿ ಅಡಕಿ ಹಾಕಾಕಿ ಒಬ್ಬಾಕಿನ. ಹಬ್ಬಕ್ಕ ಪೈಪು ಕಳಚಾಕಿ, ಹಬ್ಬ ಮುಗದ ಮ್ಯಾಲ ಹೊಳ್ಳಿ ಸಿಗಸಾಕಿ ಆಕಿನ.

ಸಿಟ್ಟು ನೆತ್ತಿಗೇರಿತು. ಓಣಿ ಮಂದಿ ಕೂಡೂ ಹಂಗ ಚೀರಬೇಕು ಅನಿಸ್ತು. ಆದ್ರ ಚೀರಿದ್ರ? ಮಾವ ಕೂಗಾಡತಾನ, ಅತ್ತಿ ಅಳ್ತಾಳ, ಹಿರ್ಯಾರು ಬಂದು ಕೂಡ್ತಾರ, ಅಷ್ಟ್ರಾಗ ಹಬ್ಬ ಮುಗೀತೈತಿ. ಸೆರಗಿಲೆ ಸುಣ್ಣ ಒರಸಿದ್ಲು.

"ಪೈಪು ತಾನ ಜಾರೇತ್ರಿ," ಅಂದ್ಲು.

ಮುಜಮ್ಮಿಲ ಪೈಪು ಹಾಕಿ ತಂತಿ ಬಿಗದ, ಸ್ಕ್ರೂ ಮೊದಲಿನ ಜಾಗಾಕ್ಕ ತಂದ. ಲಾರಿ ಹದವಾಗಿ ಗುರುಗುಟ್ಟಾಕತ್ತಿತು. ಲೋಹಿತ ಸ್ಟೇರಿಂಗ್ ಹಿಡದ. ಸುಧಾರಾಣಿ ಹತ್ತಿ ಬಾಗಿಲಾ ಎಳಕೊಳ್ಳೂದ್ರಾಗ ಒಂದು ಕೈ ಅಡ್ಡ ಬಂತು.

"ಅತ್ತಾಗ ಸರೀ," ಅಂದ್ಲು ಮಹಾದೇವಕ್ಕ. "ನಾನೂ ಬರ್ತೇನಿ. ಬೀಗತಿನ್ನ ನೋಡಿ ಭಾಳ ದಿನ ಆತು. ಸಂಜೀಕ ಕೂಡೇ ಬರೂನು."

ಈ ಕಡೆ ಗಂಡ, ಆ ಕಡೆ ಅತ್ತಿ, ನಡುವ ಸುಧಾರಾಣಿ. ಬಾಗಿಲಾ ಬಡದು ಬಿತ್ತು. ಮಹಾದೇವಕ್ಕ ಚೀಲ ಕಸಗೊಂಡು ತೊಡಿ ಮ್ಯಾಲ ಇಟಕೊಂಡು ಭಾರ ನೋಡಿದ್ಲು. ಆಮ್ಯಾಲ ಸೊಸಿ ಸೆರಗಿಗೆ ಹತ್ತಿದ್ದ ಸುಣ್ಣ ಹೆಬ್ಬಟ್ಟಿಲೆ ತಿಕ್ಕಿದ್ಲು.

"ನಾನೂ ಒಮ್ಮೆ ಇದ್ದ ಸೀರಿ ಅಷ್ಟೂ ತುಂಬಿದ್ದೆ," ಅಂದ್ಲು ಸಣ್ಣಗ, ಆಕಿಗಷ್ಟ ಕೇಳೂ ಹಂಗ. "ಆವತ್ತ ನಮ್ಮತ್ತಿ ಇಲ್ಲೇ ಕುಂತಿದ್ಲು."

ಶಿಗ್ಗಾಂವಿ ಮುಟ್ಟೂತನಕ ಲಾರಿ ಒಂದ್ಸಲನೂ ಕೆಮ್ಮಲಿಲ್ಲ. ಸಂಜೀಕ ಮೂರೂ ಮಂದಿ ಹೊಳ್ಳಿ ಬರೂ ಮುಂದೂ ಕೆಮ್ಮಲಿಲ್ಲ.