ಏರು ಹತ್ತದ ಗಾಡಿ

“ಡೀಸೆಲ್ ಪಂಪ್ ಯಾರೂ ಬದಲಾಯ್ಸಿಲ್ಲ ಅಣ್ಣ. ಕಂಪನಿ ಸೀಲು ಹಂಗೇ ಇದೆ, ನೀವೇ ನೋಡಿ.”

ಬಾನೆಟ್ಟಿನೊಳಗಿಂದಲೇ ಮೆಕ್ಯಾನಿಕ್ ಅಂಜಿನಯ್ಯ ಹೀಗೆಂದಾಗ ರಾಚಪ್ಪನಿಗೆ ಸಮಾಧಾನವಾಗುವ ಬದಲು ಹೊಸ ಅನುಮಾನ ಹುಟ್ಟಿತು. ಇವನನ್ನೂ ಹನುಮೇಶ ಬುಟ್ಟಿಗೆ ಹಾಕಿಕೊಂಡಿರಬಹುದೇ? ಹಾಗಾಗಬಾರದೆಂದೇ ಅವನು ಲಗ್ಗೆರೆಯ ಗ್ಯಾರೇಜುಗಳನ್ನೆಲ್ಲ ಬಿಟ್ಟು ಮಾರೇನಹಳ್ಳಿಯವರೆಗೆ ಬಂದಿದ್ದ. ಕೊಟ್ಟ ಸ್ಟೂಲಿನ ಮೇಲೆ ಕೂರದೆ, ತರಿಸಿದ ಚಹಾ ಮುಟ್ಟದೆ, ಬಿಚ್ಚಿಟ್ಟ ಒಂದೊಂದು ಬೋಲ್ಟನ್ನೂ ಕಾಯುತ್ತ ನಿಂತಿದ್ದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಹನುಮೇಶ ರಾಚಪ್ಪನ ಹೆಂಡತಿ ದಾನಮ್ಮನ ತಮ್ಮ. ಬಾಗಲಕೋಟೆ ಕಡೆಯಿಂದ ಬಂದಾಗಿನಿಂದ ಅಕ್ಕನ ಮನೆಯಲ್ಲೇ ಇದ್ದ. ಭಾವನ ಹಳೆಯ ಡೀಸೆಲ್ ಪಿಕಪ್ಪನ್ನು ಬೆಳಿಗ್ಗೆ ಅವನು ಓಡಿಸಿದರೆ ಮಧ್ಯಾಹ್ನದ ಮೇಲೆ ರಾಚಪ್ಪ ಓಡಿಸುತ್ತಿದ್ದ. ದಸರೆ ಕಳೆದದ್ದೇ ತಡ, ಗಾಡಿಗೆ ಅದೇನು ಬಡಿಯಿತೋ. ಟೈಲ್ಸ್ ಹೇರಿಕೊಂಡು ಏರು ಹತ್ತುವಾಗ ಕಪ್ಪು ಹೊಗೆ ಉಗುಳಿ ನಿಂತೇಬಿಡುತ್ತಿತ್ತು. ಹಿಂದಿನ ಆಟೋದವರು ಅಪ್ಪ ಅಮ್ಮ ಎಲ್ಲರನ್ನೂ ನೆನೆಯುತ್ತಿದ್ದರು. ಹನುಮೇಶನೇ ಒಳ್ಳೆಯ ಪಂಪು ಮಾರಿಕೊಂಡು ಗುಜರಿ ಪಂಪು ಕೂರಿಸಿದ್ದಾನೆ ಎಂದು ರಾಚಪ್ಪ ತೀರ್ಮಾನಿಸಿಬಿಟ್ಟ. ಕಳೆದ ವಾರ ಗಾಡಿ ಸ್ಟ್ಯಾಂಡಿನಲ್ಲಿ ಎಲ್ಲರೆದುರಿಗೆ, “ಉಂಡ ಮನಿ ಜಂತಿ ಎಣಸ್ತಿಯೇನಲೇ?” ಎಂದು ಕೇಳಿಯೂ ಬಿಟ್ಟ. ಹನುಮೇಶ ಕೀಲಿಯನ್ನು ಸೀಟಿನ ಮೇಲಿಟ್ಟು ಕೆಂಗೇರಿಯ ಗೆಳೆಯನ ರೂಮಿಗೆ ಹೋದ. ಅಂದಿನಿಂದ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ತಮ್ಮ ಬರದಿದ್ದರೆ ತಾನೂ ಇರುವುದಿಲ್ಲವೆಂದು ದಾನಮ್ಮ ಒಮ್ಮೆ ಹೇಳಿದ್ದಳು. ಎರಡನೇ ಸಲ ಹೇಳುವ ಹೆಂಗಸಲ್ಲ ಅವಳು.

“ಪಂಪಿನ ಸ್ಕ್ರೂ ಸ್ವಲ್ಪ ತಿರುಗಿಸಿದ್ರೆ ಡೀಸೆಲ್ ಜಾಸ್ತಿ ಹೋಗಿ ಹೊಗೆ ಬರುತ್ತೆ, ಆದ್ರೆ ಸೀಲೇ ಒಡೆದಿಲ್ಲ. ಹಂಗಿದ್ರೂ ಇಷ್ಟು ಹೊಗೆ ಬರ್ತಿದೆ ಅಂದ್ರೆ ಕಮ್ಮಿ ಆಗಿರೋದು ಡೀಸೆಲ್ ಅಲ್ಲ, ಗಾಳಿ,” ಎಂದ ಅಂಜಿನಯ್ಯ.

“ನಿಮಗ ಯಾರರ ಫೋನ್ ಮಾಡಿದ್ರೇನ್ರಿ?”

“ಯಾರ್ ಮಾಡ್ತಾರಣ್ಣ? ಬೆಳಿಗ್ಗೆಯಿಂದ ತಲೆ ತಿಂತಿರೋರು ನೀವೊಬ್ರೇ!”

ಅಂಜಿನಯ್ಯ ಹೆಡ್‌ಲೈಟಿನ ಹಿಂದಿನ ಗಾಳಿ ಪೈಪನ್ನು ಬಿಚ್ಚಿ, ಒಳಗೆ ಬೆರಳು ಹಾಕಿ ಎಳೆದ. ಮಸಿ ಹಿಡಿದ ಬಟ್ಟೆಯ ಗಂಟೊಂದು ಹೊರಗೆ ಬಂತು. ಬಿಚ್ಚಿದರೆ ವಿಭೂತಿ ಗಟ್ಟಿ, ಒಣಗಿದ ಎರಡು ಬಿಲ್ವಪತ್ರೆ.

“ದೇವ್ರನ್ನೇ ಒಳಗೆ ಕೂರ್ಸಿದೀರಲ್ಲಣ್ಣ! ಪಾಪ, ಗಾಡಿ ಉಸಿರಾಡೋದು ಹೆಂಗೆ?”

ರಾಚಪ್ಪನಿಗೆ ನಗು ಬರಲಿಲ್ಲ. ಬಟ್ಟೆಯ ಕೆಂಪು ಅಂಚು ದಾನಮ್ಮನ ಹಳೆಯ ಇಳಕಲ್ ಸೀರೆಯದು. ಅಲ್ಲೇ ನಿಂತು ಅವಳಿಗೆ ಫೋನ್ ಮಾಡಿದ.

“ಅದನ್ನ್ಯಾಕ ತಗದ್ರಿ?” ವಾರದಿಂದ ಮುಚ್ಚಿದ್ದ ಬಾಯಿ ಗಾಬರಿಯಲ್ಲಿ ತೆರೆದಿತ್ತು. “ಗದ್ದುಗಿ ವಿಭೂತಿರೀ ಅದು. ಆಯುಧ ಪೂಜಿ ದಿನ ನಾನ ಇಟ್ಟೇನಿ. ಹೊರಗ ಕಟ್ಟಿದ್ರ ಯಾರರ ಬಿಚ್ಚತಾರಂತ ಲೈಟಿನ ಹಿಂದಿನ ತೂತಿನ್ಯಾಗ ಇಟ್ಟೆ. ಹನುಮ್ಯಾ ನಸುಕಿನ್ಯಾಗ ಒಬ್ಬನ ಗಾಡಿ ತಗೊಂಡ ಹೋಗ್ತಾನಲ್ರಿ…”

ರಾಚಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುವಷ್ಟು ನಾಚಿಕೆಯಾಯಿತು. ಗಂಟನ್ನು ಅಂಗಿ ಜೇಬಿಗೆ ಹಾಕಿಕೊಂಡು, ನೆಟ್ಟಗೆ ಕೆಂಗೇರಿಗೆ ಗಾಡಿ ಬಿಟ್ಟ. ಮೈಸೂರು ರಸ್ತೆಯ ಫ್ಲೈಓವರನ್ನು ಅದು ಹೊಸದರಂತೆ ಹತ್ತಿತು. ಅದರ ಖುಷಿ ಮಾತ್ರ ಅವನಿಗೆ ಹತ್ತಲಿಲ್ಲ.

ಹನುಮೇಶ ರೂಮಿನ ಹೊರಗೆ ಬಟ್ಟೆ ಹಿಂಡುತ್ತಿದ್ದ. ರಾಚಪ್ಪ ಗಂಟು ತೋರಿಸಿ ಎಲ್ಲವನ್ನೂ ಹೇಳಿದ. ಕೊನೆಗೆ, “ತಪ್ಪಾತಪಾ. ನಿನ್ನ ಮ್ಯಾಲೆ ಸಂಶೆ ಪಡಬಾರದಿತ್ತು. ಮನಿಗೆ ನಡಿ, ನೀನ ಹೊಡಿ ಗಾಡಿ,” ಎಂದು ಕೀಲಿ ಚಾಚಿದ.

ಅಕ್ಕನ ಭಕ್ತಿಗೆ ಹನುಮೇಶ ಮನಸಾರೆ ನಕ್ಕ. “ಆತು, ಬರ್ತೀನಿ ಮಾಮಾ,” ಎಂದ. ರಾಚಪ್ಪನ ಎದೆಯ ಭಾರ ಇಳಿಯಿತು.

ಆದರೆ ಹನುಮೇಶ ಕೀಲಿ ತೆಗೆದುಕೊಳ್ಳಲಿಲ್ಲ. ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು ಮೊಬೈಲ್ ತೆಗೆದ. ನಾಲ್ಕೂ ಟೈರು, ಸ್ಟೆಪ್ನಿ, ಬ್ಯಾಟರಿ, ಡೀಸೆಲ್ ಟ್ಯಾಂಕು, ಬಾನೆಟ್ ಎತ್ತಿ ಪಂಪಿನ ಸೀಲು, ಒಂದೊಂದನ್ನೂ ನಿಧಾನವಾಗಿ ವಿಡಿಯೋ ಮಾಡಿಕೊಂಡ. ಆಮೇಲೆ ಮೊಬೈಲನ್ನು ರಾಚಪ್ಪನ ಮುಖಕ್ಕೆ ಹಿಡಿದ.

“ಎಲ್ಲಾ ಬರೋಬ್ಬರಿ ಐತಿ, ನೋಡೇ ಹನುಮೇಶನ ಕೈಯಾಗ ಕೊಟ್ಟೇನಿ ಅಂತ ಹೇಳ್ರಿ ಮಾಮಾ.” ದನಿಯಲ್ಲಿ ಸಿಟ್ಟಿರಲಿಲ್ಲ.

ರಾಚಪ್ಪ ತುಟಿ ಒದ್ದೆ ಮಾಡಿಕೊಂಡು ಹೇಳಿದ.

“ರಸ್ತಿ ಗಾಡಿ ಸಪ್ಪಳದಾಗ ಕೇಳಲಿಲ್ರಿ,” ಎಂದ ಹನುಮೇಶ, ಮೊಬೈಲ್ ಇಳಿಸದೆ. “ಇನ್ನೊಮ್ಮೆ ಹೇಳ್ರಿ.”