ಮುನಿಕೆಂಪಮ್ಮನ ಹಿಮ್ಮಡಿ

“ಏಯ್ ಕುಂಟಿ! ಇಮ್ಮಡಿ ಊರೇ! ಮಣ್ಣು ತುಳಿಯೋಕೆ ಬಂದಿದ್ಯೋ, ಇಲ್ಲಾ ಮಣ್ಣಿಗೆ ಕಚಗುಳಿ ಇಕ್ಕೋಕೆ ಬಂದಿದ್ಯೋ?”

ಅಟ್ಟೂರು ಕೆರೆಯ ಹಿಂದಲ ಇಟ್ಟಿಗೆ ಗೂಡಿನ ಯಜಮಾನ ವೀರಬಸಪ್ಪ ಹೀಗೆ ಕೂಗಿದ್ದು ತಗಡಿನ ಶೆಡ್ಡಿನ ನೆರಳಲ್ಲಿ, ಬೆತ್ತದ ಕುರ್ಚಿಯ ಮೇಲಿಂದ. ಅವನು ಕೂತ ಚೆಂದವನ್ನೂ ಹೇಳಬೇಕು. ಬಲಗಾಲಿನ ಹಿಮ್ಮಡಿ ಒಂದು ಬಿಸಿ ಇಟ್ಟಿಗೆಯ ಮೇಲಿತ್ತು. ಇಟ್ಟಿಗೆಗೂ ಹಿಮ್ಮಡಿಗೂ ನಡುವೆ ಎಕ್ಕದ ಎಲೆ. ಎಲೆ ಬಾಡಿ ಹಬೆ ಎದ್ದಾಗೆಲ್ಲ ಯಜಮಾನನ ಕಣ್ಣು ಅರ್ಧ ಮುಚ್ಚಿ ಬಾಯಿಂದ “ಶಿವಾ ಶಿವಾ” ಎಂದು ಬರುತ್ತಿತ್ತು. ಕಣ್ಣು ತೆರೆದರೆ ಅದೇ ಬಾಯಿಂದ ಬೈಗುಳ.

ಮುನಿಕೆಂಪಮ್ಮ ಗುಂಡಿಯೊಳಗೆ ಮೊಣಕಾಲುದ್ದ ಮಣ್ಣಿನಲ್ಲಿ ನಿಂತಿದ್ದಳು. ಇಟ್ಟಿಗೆಯ ಮಣ್ಣನ್ನು ನೀರು ಹಾಕಿ ನೆನೆಸಿ ತುಳಿಯಬೇಕು. ಕಾಲ್ಬೆರಳಲ್ಲಿ ತುಳಿದರೆ ಮಣ್ಣು ಮೇಲೆ ಮೇಲೆ ಕಲಸಿದಂತಾಗುತ್ತದೆಯೇ ಹೊರತು ಒಳಗಿನ ಹೆಂಟೆ ಒಡೆಯುವುದಿಲ್ಲ. ಹೆಂಟೆಯನ್ನು ಹುಡುಕಿ ಅರೆಯಬೇಕಾದ್ದು ಹಿಮ್ಮಡಿ. ಅವಳಿಗೆ ಊರಲಾಗದೆ ಇದ್ದದ್ದೂ ಅದೇ ಹಿಮ್ಮಡಿ.

ಮೇಸ್ತ್ರಿ ಬ್ಯಾಟರಾಯಪ್ಪ ಗುಂಡಿಗೆ ಕೈಹಾಕಿ ನಿಂಬೆಹಣ್ಣಿನಷ್ಟು ಹೆಂಟೆಯೊಂದನ್ನು ತೆಗೆದು ಯಜಮಾನನಿಗೆ ತೋರಿಸಿದ. ತೋರಿಸಿ ಅದನ್ನು ಅವಳ ಎದೆಗೇ ಎಸೆದ.

“ನೋವು ಸ್ವಾಮಿ,” ಎಂದಳು. “ಇಮ್ಮಡಿ ಮಡಗಿದ್ರೆ ನೆತ್ತಿಗಂಟ ಒಡೀತದೆ.”

“ನಂಗಿಲ್ವೇನೇ ಇಮ್ಮಡಿ ನೋವು? ನಾನೇನು ಗೂಡು ಬಿಟ್ಟು ಮನೇಲಿ ಮಲಗಿವ್ನಾ?”

“ನಿಮ್ದೂ ಅದೇ ನೋವು, ನಂದೂ ಅದೇ ನೋವು ಸ್ವಾಮಿ.”

ಎಲೆ ತಣ್ಣಗಾಗಿತ್ತೋ ಏನೋ, ವೀರಬಸಪ್ಪ ಕಾಲೆತ್ತಿ ಇಟ್ಟಿಗೆಯನ್ನು ಒದ್ದ. “ಥೂ ನಿನ್ನ ಬಾಯಿಗೆ ನನ್ನ ಎಕ್ಕಡ ತುರುಕ! ನಂದು ನೋವು ಕಣೇ. ನಿಂದು ಸೋಗು. ನಾಳೆಯಿಂದ ಒಂದು ಹೆಂಟೆ ಸಿಕ್ತು ಅಂದ್ರೆ ಗುಡಿಸ್ಲಾಗಿರೋ ಮಡಕೆ ಕುಡಿಕೆ ಎಲ್ಲಾ ಕೆರೆಗೆ.”

ಗುಡಿಸಲ ಮಾತು ಬಂದಾಗ ಮುನಿಕೆಂಪಮ್ಮ ತಲೆ ತಗ್ಗಿಸಿ ಮತ್ತೆ ತುಳಿಯತೊಡಗುತ್ತಿದ್ದಳು. ಅವಳ ಗಂಡ ಮುನಿಶಾಮಿ ಮಣ್ಣು ತೆಗೆಯುವಾಗ ದಂಡೆ ಕುಸಿದು ಅದರಡಿಯೇ ಹೋದ. ಆಗ ಯಜಮಾನ ದೊಡ್ಡ ಮನಸ್ಸು ಮಾಡಿ, “ತುಳಿಯೋವರ್ಗೂ ಗುಡಿಸ್ಲು ನಿಂದು” ಅಂದಿದ್ದ. ಅವಳಿಗೆ ಬೇರೆ ಊರಿಲ್ಲ, ಬೇರೆ ಸೂರಿಲ್ಲ. ಕಾಲು ನಿಂತರೆ ಸೂರೂ ಹೋಯಿತು.

ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಡುವುದೇ ಅವಳಿಗೆ ಗಂಡಾಂತರ. ಹಿಮ್ಮಡಿಗೆ ಯಾರೋ ಮೊಳೆ ಇಟ್ಟು ಬಡಿದಂತೆ. ಗೋಡೆ ಹಿಡಿದು, ದೇವರ ಹೆಸರು ಹಿಡಿದು ಸ್ವಲ್ಪ ಅಡ್ಡಾಡಿದ ಮೇಲೆ ಮೊಳೆ ಸಡಿಲವಾಗುತ್ತಿತ್ತು. ಗುಂಡಿಗಿಳಿದು ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಮತ್ತೆ ಬಿಗಿಯುತ್ತಿತ್ತು. ಸರ್ಕಾರಿ ಆಸ್ಪತ್ರೆಗೂ ಹೋಗಿ ಬಂದಿದ್ದಳು.

“ಡಾಕ್ಟ್ರು ಏನಂದ ಅಕ್ಕಾ?” ಎಂದು ಕೇಳಿದವಳು ಖುರ್ಷೀದ್. ಗೂಡಿನಿಂದ ಲಾರಿಗೆ ಇಟ್ಟಿಗೆ ಹೊರುವವಳು. ತಲೆಯ ಮೇಲೆ ಇಟ್ಟಿಗೆ ಇದ್ದಷ್ಟು ಹೊತ್ತು ಮಾತ್ರ ಅವಳ ನಗು ನಿಲ್ಲುತ್ತಿತ್ತು.

“ಬರಿಗಾಲಲ್ಲಿ ನಿಂತ್ಕಬೇಡ ಅಂದ. ಮೆತ್ತನೆ ಚಪ್ಲಿ ಆಕ್ಕೋ ಅಂದ. ಕಾಲಿಗೆ ಆರಾಮು ಕೊಡು ಅಂದ.”

“ಯಾ ಅಲ್ಲಾ! ಏನ್ ಕೆಲ್ಸ ಮಾಡ್ತೀಯ ಅಂತ ಕೇಳ್ಲಿಲ್ವಾ ಆ ದೊಡ್ಡ ಮನ್ಷ?”

“ಕೇಳ್ದ. ಮಣ್ಣು ತುಳೀತೀನಿ ಅಂದೆ. ತುಳೀಬೇಡ ಅಂದ.”

ಖುರ್ಷೀದ್ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮುನಿಕೆಂಪಮ್ಮನಿಗೂ ನಗು ಬಂತು. ಜಕ್ಕೂರಿನ ವಿಮಾನಶಾಲೆಯ ಪುಟ್ಟ ವಿಮಾನವೊಂದು ತಲೆ ಮೇಲೆ ಗುಂಯ್‌ಗುಡುತ್ತ ಹೋಯಿತು. ಅದರಲ್ಲಿ ಕೂತವನ ಕಾಲು ನೆಲಕ್ಕೇ ತಾಗುವುದಿಲ್ಲವಲ್ಲ ಅಂದುಕೊಂಡಳು.

“ನಮ್ಮಮ್ಮಾಗೂ ಹಿಂಗೇ ಆಗಿತ್ತು,” ಎಂದಳು ಖುರ್ಷೀದ್. “ಹಾಸ್ಗೇಲೇ ಕೂತು ಟವಲ್ಲು ಕಾಲ್ಬೆರಳಿಗೆ ಸಿಕ್ಕಿಸಿ ಹಿಂದಕ್ಕೆ ಎಳ್ಕೋತಿದ್ಳು, ಆಮೇಲೇ ಏಳೋದು. ಸೋಡಾ ಬಾಟ್ಲಿ ಕಾಲಡಿ ಇಟ್ಕೊಂಡು ಉರುಳಿಸ್ತಿದ್ಳು. ಮಾಡಿ ನೋಡು. ಖರ್ಚಿಲ್ಲ, ಕೇಳೋರಿಲ್ಲ.”

ಮಾಡಿದಳು. ಟವಲ್ಲು ಎಳೆದಳು, ಬಾಟ್ಲಿ ಉರುಳಿಸಿದಳು, ಸಂಜೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಟ್ಟು ಕೂತಳು. ಅಷ್ಟಿಷ್ಟು ಹಗುರಾಯಿತು. ಆದರೆ ಅವಳ ಕಣ್ಣಲ್ಲಿ ಕೂತಿದ್ದು ಯಜಮಾನನ ಹಿಮ್ಮಡಿಯಡಿಯ ಇಟ್ಟಿಗೆ, ಅದರ ಹಬೆ, ಅವನ ಅರೆಮುಚ್ಚಿದ ಕಣ್ಣು. ಎಕ್ಕದ ಎಲೆಗೇನು ಬರವಿಲ್ಲ. ಇಟ್ಟಿಗೆ ಎಲ್ಲಿಂದ ತರುವುದು?

ನಗುವ ಮಾತಲ್ಲ ಇದು. ಸುತ್ತ ಕಣ್ಣು ಹಾಯಿಸಿದಷ್ಟೂ ಇಟ್ಟಿಗೆಯೇ. ಪಕ್ಕದ ನ್ಯೂಟೌನ್ ಬಡಾವಣೆಯಲ್ಲಿ ಏಳುತ್ತಿದ್ದ ಮನೆಗಳಿಗೆ ಲಾರಿಗಟ್ಟಲೆ ಹೋಗುತ್ತಿತ್ತು. ಆದರೆ ಗೂಡಿನ ಆಳುಗಳ ಗುಡಿಸಲಲ್ಲಿ ಒಂದು ಇಟ್ಟಿಗೆಯೂ ಇರಕೂಡದೆಂದು ಯಜಮಾನನ ಕಟ್ಟಳೆ. ಗೋಡೆ ಮಣ್ಣಿನದು, ಒಲೆ ಕಲ್ಲಿನದು. ಬಾಗಿಲಿಗೆ ಆನಿಸಲು ಅರ್ಧ ಇಟ್ಟಿಗೆ ಒಯ್ದವಳಿಗೆ ಬ್ಯಾಟರಾಯಪ್ಪ ಅದನ್ನೇ ಕೊರಳಿಗೆ ಕಟ್ಟಿ ಮಣ್ಣು ಹೊರಿಸಿದ್ದ.

ಗೂಡಿನ ಮೂಡಲಿಗೆ, ಎಕ್ಕದ ಗಿಡದ ಬುಡದಲ್ಲಿ, ಹುಲ್ಲಿನೊಳಗೆ ಒಂದು ಇಟ್ಟಿಗೆ ಬಿದ್ದಿತ್ತು. ಮಳೆಗೆ ನೆನೆದು ಪಾಚಿ ಹಿಡಿದಿತ್ತು. ಯಾರಿಗೂ ಬೇಡದ್ದು ಇದು ಅಂದುಕೊಂಡಳು. ಎಲೆ ಕೀಳಲು ಬಗ್ಗಿದವಳು ಅದನ್ನೂ ಸೆರಗಿಗೆ ಹಾಕಿಕೊಂಡಳು.

ಅದು ಯಾರಿಗೂ ಬೇಡದ್ದಾಗಿರಲಿಲ್ಲ. ಗೂಡು ಸುಟ್ಟು ಬಾಯಿ ತೆಗೆದಾಗ ಮೊದಲು ಈಚೆ ಬರುವ ಇಟ್ಟಿಗೆಗೆ ಅರಿಶಿನ ಕುಂಕುಮ ಇಟ್ಟು, ಕೋಳಿ ಕೊಯ್ದು, ಎಕ್ಕದ ಬುಡದಲ್ಲಿ ಇಡುತ್ತಿದ್ದರು. ಮುಂದಿನ ಗೂಡಿನವರೆಗೆ ಅದೇ ಮುನೇಶ್ವರ. ಆಮೇಲೆ ಅದನ್ನು ಕೆರೆಗೆ ಬಿಟ್ಟು ಹೊಸದನ್ನು ಕೂರಿಸುವುದು. ಮಣ್ಣು ತುಳಿಯುವ ಕೇರಿಯವರನ್ನು ಆ ಹೊತ್ತಿಗೆ ಗುಂಡಿಯ ಆಚೆಗೆ ಅಟ್ಟುತ್ತಿದ್ದರು. ಮುನಿಕೆಂಪಮ್ಮ ದೂರದಿಂದ ಹೊಗೆ ನೋಡಿದ್ದಳು, ಕೋಳಿಯ ಕೂಗು ಕೇಳಿದ್ದಳು. ದೇವರು ಯಾವ ಆಕಾರದಲ್ಲಿ ಕೂತಿದ್ದಾನೆಂದು ಅವಳಿಗೆ ಯಾರೂ ತೋರಿಸಿರಲಿಲ್ಲ.

ಅವತ್ತು ಸಂಜೆ ಒಲೆಯ ಕೆಂಡದ ಮೇಲೆ ಇಟ್ಟಿಗೆ ಕಾಯಿಸಿದಳು. ಕೈಗೆ ತಾಳುವಷ್ಟು ಆರಿಸಿ, ಎಲೆ ಹಾಸಿ, ಹಿಮ್ಮಡಿ ಇಟ್ಟಳು. ಬಿಸಿ ಒಳಗಿಳಿಯಿತು. ಮೊಳೆಯ ಸುತ್ತ ಯಾರೋ ತುಪ್ಪ ಹೊಯ್ದಂತೆ. ಅವಳ ಕಣ್ಣೂ ಅರ್ಧ ಮುಚ್ಚಿತು. “ಮುನೇಸ್ವರಾ, ನನ್ನಪ್ಪನೇ,” ಅಂದಳು. ಅವಳು ಕರೆದವನು ಅವಳ ಹಿಮ್ಮಡಿಯಡಿಯೇ ಬೆಚ್ಚಗೆ ಕೂತಿದ್ದ. ಅವನಿಗೇನೂ ಮೈಲಿಗೆಯಾದಂತೆ ಕಾಣಲಿಲ್ಲ. ದಿನದಿನವೂ ಸಂಜೆ ಕಾಲನ್ನು ಹೊತ್ತ; ದಿನದಿನವೂ ನೋವನ್ನು ಒಂದಿಷ್ಟು ತಾನೇ ಇಟ್ಟುಕೊಂಡ. ಒಂದು ಬೆಳಗ್ಗೆ ಗೋಡೆ ಹಿಡಿಯದೆ ಎದ್ದಳು. ಗುಂಡಿಗಿಳಿದು ಹಿಮ್ಮಡಿ ಊರಿ ಹೆಂಟೆಗಳನ್ನು ಹುಡುಕಿ ಹುಡುಕಿ ಅರೆದಳು.

“ಏನಕ್ಕಾ, ಮದುವಣಗಿತ್ತಿ ಹಂಗೆ ನಡೀತಿದ್ದೀಯ?” ಎಂದಳು ಖುರ್ಷೀದ್.

“ನಿನ್ನ ಗಂಡನ್ನ ಕಳ್ಸು, ಮದ್ವೆನೂ ಆಯ್ತೀನಿ.”

“ತಗೊಂಡ್ಹೋಗು ಮಾ, ಪುಣ್ಯ ಬರುತ್ತೆ. ವಾಪಸ್ ಮಾತ್ರ ಕಳಿಸ್ಬೇಡ.”

ಅಷ್ಟರಲ್ಲಿ ಸುಟ್ಟ ಗೂಡಿನ ಬಾಯಿ ತೆಗೆದರು. ಇಟ್ಟಿಗೆ ಬೆಂದಿರಲಿಲ್ಲ. ಕೈಯಲ್ಲಿ ಹಿಡಿದರೆ ಬಿಸ್ಕತ್ತಿನ ಹಾಗೆ ಮುರಿಯಿತು. ಅಗ್ಗಕ್ಕೆ ಸಿಕ್ಕಿತೆಂದು ಹಸಿ ಸೌದೆ ತುಂಬಿಸಿದವನು ವೀರಬಸಪ್ಪನೇ. ಬ್ಯಾಟರಾಯಪ್ಪನಿಗೆ ಅದು ಗೊತ್ತು. ಗೊತ್ತಿದ್ದವನು ನೆಲ ನೋಡುತ್ತ ನಿಂತ. ಇದ್ದುದರಲ್ಲಿ ಗಟ್ಟಿಯಾದ ಒಂದನ್ನು ಆರಿಸಿ, ದೇವರು ಮಾಡಿ ಕೂರಿಸಲು ಎಕ್ಕದ ಬುಡಕ್ಕೆ ಹೋದರೆ ಹಳೆಯ ಮುನೇಶ್ವರ ಅಲ್ಲಿರಲಿಲ್ಲ.

“ಅದಕ್ಕೇ!” ಎಂದು ಯಜಮಾನ ತೊಡೆ ತಟ್ಟಿದ. ಅವನ ಮುಖದಲ್ಲಿ ಕಳೆ ಬಂತು. ಹಸಿ ಸೌದೆಯ ಪಾಪಕ್ಕೆ ಹೆಗಲು ಸಿಕ್ಕಿತ್ತು.

ಗುಡಿಸಲುಗಳನ್ನು ಜಾಲಾಡಿದರು. ಮುನಿಕೆಂಪಮ್ಮನ ಒಲೆಯ ಪಕ್ಕದಲ್ಲಿ ಇಟ್ಟಿಗೆ ಸಿಕ್ಕಿತು. ಒಂದು ಬಾಡಿದ ಎಲೆ ಅದಕ್ಕೆ ಅಂಟಿಕೊಂಡೇ ಇತ್ತು. ಬ್ಯಾಟರಾಯಪ್ಪ ಅವಳ ತುರುಬು ಹಿಡಿದು ಎಕ್ಕದ ಗಿಡದ ತನಕ ಎಳೆದು ತಂದ.

“ಇದ್ರ ಮ್ಯಾಲೆ ಏನಿಟ್ಟಿದ್ಯೇ?” ಎಂದ ಹೊಸ ದೇವರನ್ನು ಕೂರಿಸಲು ಬಂದಿದ್ದ ಪೂಜಾರಪ್ಪ.

“ಇಮ್ಮಡಿ.”

ಪೂಜಾರಪ್ಪ ಕಿವಿ ಮುಚ್ಚಿಕೊಂಡ. ಹಾಗೆ ಮುಚ್ಚಿಕೊಂಡೇ ಯಜಮಾನನ ಮುಖ ನೋಡಿದ, ಸಾಕೋ ಇನ್ನೂ ಜೋರಾಗಿ ಮುಚ್ಚಬೇಕೋ ಎಂಬಂತೆ.

“ಲೌಡಿ, ದೇವ್ರ ತಲೆ ಮ್ಯಾಲೆ ಕಾಲಿಕ್ಕಿದ್ಯಲ್ಲೇ!” ಎಂದು ಗುಡುಗಿದ ವೀರಬಸಪ್ಪ.

“ಗೊತ್ತಿರ್ನಿಲ್ಲ ಸ್ವಾಮಿ. ನೀವು ಪೂಜೆ ಮಾಡುವಾಗ ನಮ್ಮನ್ನ ಗುಂಡಿ ಆಚೆ ನಿಲ್ಲುಸ್ತೀರ. ಯಾವ್ದು ಇಟ್ಗೆ, ಯಾವ್ದು ದೇವ್ರು ಅಂತ ನಂಗೆಂಗೆ ತಿಳೀಬೇಕು?”

ಲಾರಿಯ ಹತ್ತಿರ ನಿಂತಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ವೀರಬಸಪ್ಪನ ಕಿವಿ ಕೆಂಪಾಯಿತು. ಅವನು ತನ್ನ ಮೆತ್ತನೆಯ ಸ್ಪಂಜಿನ ಚಪ್ಪಲಿಯಲ್ಲಿ ಮೆಲ್ಲಗೆ ಮುಂದೆ ಬಂದು, ಅವಳ ಕಾಲಿನ ಮೇಲೆ ಕ್ಯಾಕರಿಸಿ ಉಗುಳಿದ.

“ಕೇಳ್ರೋ ಎಲ್ಲಾ. ದೇವ್ರನ್ನ ಮುಟ್ಟಿದ ಇವ್ಳ ಇಮ್ಮಡಿ ಇನ್ಮೇಲೆ ನನ್ನ ಭೂಮಿಗೆ ತಾಗ್ಕೂಡ್ದು. ಆ ದೇವ್ರನ್ನ ತಲೆ ಮ್ಯಾಲೆ ಮಡೀಕೊಂಡು, ತುದಿಗಾಲಲ್ಲಿ ಗೂಡು ಸುತ್ತು. ನಾನು ಸಾಕು ಅನ್ನೋಗಂಟ. ಆಮೇಲೆ ತುದಿಗಾಲಲ್ಲೇ ನಿನ್ನ ಮಡಕೆ ಎತ್ಕೊಂಡು ಈ ಜಾಗ ಬಿಡು.”

“ಗುಡಿಸ್ಲು ಒಂದು ಬಿಡಿ ಸ್ವಾಮಿ. ಇನ್ನೆಲ್ಲಿಗೋಗ್ಲಿ? ಈಗ ಚೆಂದಾಗೇ ತುಳೀತಿವ್ನಿ, ಮೇಸ್ತ್ರಿನೇ ಕೇಳಿ.”

ಬ್ಯಾಟರಾಯಪ್ಪ ಕೇಳಿಸದವನಂತೆ ಪಕ್ಕದ ಪೊದೆಯಿಂದ ಒಂದು ಬೆತ್ತ ಮುರಿದುಕೊಂಡ.

ಇಟ್ಟಿಗೆಯನ್ನು ಅವಳೇ ಎತ್ತಿ ತಲೆಯ ಮೇಲಿಟ್ಟುಕೊಂಡಳು. ಕಾಲ್ಬೆರಳ ಮೇಲೆ ನಿಂತಳು. ಬ್ಯಾಟರಾಯಪ್ಪ ಬೆತ್ತ ಹಿಡಿದು ಹಿಂದೆ ಹಿಂದೆ ಬಗ್ಗಿಕೊಂಡೇ ನಡೆದ, ಹಿಮ್ಮಡಿ ಎಲ್ಲಿ ತಾಗುತ್ತದೋ ನೋಡಲು. ತಾಗಿದಲ್ಲಿ ಮೀನಖಂಡಕ್ಕೆ ಏಟು. ವೀರಬಸಪ್ಪ ಕುರ್ಚಿ ತರಿಸಿ ಕೂತ. ಪೂಜಾರಪ್ಪ ಏನೋ ಮಣಮಣ ಅನ್ನುತ್ತಿದ್ದ.

ಒಂದು ಸುತ್ತು ಬಂದಳು. ಗೂಡಿನ ಬಿಸಿ ಒಂದು ಕಡೆ, ಬಿಸಿಲು ಇನ್ನೊಂದು ಕಡೆ. ಕಾಲಿನ ನರ ಬಿಲ್ಲಿನ ಹೆದೆಯಂತೆ ಸೆಟೆಯಿತು. ಹಿಮ್ಮಡಿಯೊಳಗೆ ಮೊಳೆ ಮತ್ತೆ ಬಂದು ಕೂತಿತು. ಇಷ್ಟು ದಿನ ದೇವರು ತೆಗೆದ ನೋವನ್ನು ಇವರು ಒಂದೇ ಮಧ್ಯಾಹ್ನಕ್ಕೆ ಹಿಂದಕ್ಕೆ ಕೊಟ್ಟರು.

ಮುಂದಿನ ಸುತ್ತಿನಲ್ಲಿ ಕಣದ ಅಂಚು ಬಂತು. ಆವತ್ತು ಬೆಳಗ್ಗೆಯೇ ಅಚ್ಚಿನಿಂದ ಇಳಿಸಿದ ಹಸಿ ಇಟ್ಟಿಗೆಗಳು ಕಣದ ತುಂಬ ಸಾಲುಸಾಲಾಗಿ ಒಣಗುತ್ತಿದ್ದವು. ಅವಳೇ ತುಳಿದ ಮಣ್ಣು. ಒಂದು ಹೆಂಟೆಯಿಲ್ಲ, ಬೆಣ್ಣೆಯ ಹಾಗಿತ್ತು. ಮುನಿಕೆಂಪಮ್ಮ ನಿಂತಳು. ಬೆತ್ತ ಬಿತ್ತು. ಅಲುಗಲಿಲ್ಲ.

“ಅಪ್ಪಾ, ನಡಿ ಓಗಣ,” ಅಂದಳು. ತಲೆಯ ಮೇಲಿದ್ದವನಿಗೆ.

ಬಲಗಾಲೆತ್ತಿ ಮೊದಲ ಸಾಲಿನ ಮೊದಲ ಇಟ್ಟಿಗೆಯ ನಡುಮಧ್ಯೆ ಹಿಮ್ಮಡಿ ಊರಿದಳು. ಮಣ್ಣು ತಂಪಾಗಿತ್ತು. ಹಿಮ್ಮಡಿ ಬಟ್ಟಲಿನಂಥ ಗುಳಿ ಮಾಡಿ ಒಳಗಿಳಿಯಿತು. ಪಕ್ಕದ ಇಟ್ಟಿಗೆಗೆ ಎಡಗಾಲು. ಆಮೇಲೆ ಬಲಗಾಲು. ಒಂದನ್ನೂ ಬಿಡಬಾರದೆಂಬಂತೆ ತುಳಿಯುತ್ತ ಹೋದಳು.

“ಏಯ್! ಏಯ್! ಇಡ್ಕೊಳ್ರೋ ಅವ್ಳನ್ನ!” ವೀರಬಸಪ್ಪ ಕುರ್ಚಿಯಿಂದ ನೆಗೆದ. ಚಪ್ಪಲಿ ಒಂದು ಕಡೆ ಹಾರಿತು, ಬರಿ ಹಿಮ್ಮಡಿ ಜಲ್ಲಿಕಲ್ಲಿನ ಮೇಲೆ ಬಿತ್ತು. “ಅಯ್ಯೋ ಶಿವನೇ!” ಎಂದು ಒಂಟಿಕಾಲಲ್ಲಿ ಕುಪ್ಪಳಿಸಿದ.

ಬ್ಯಾಟರಾಯಪ್ಪ ಕಣಕ್ಕೆ ನುಗ್ಗಿದ. ಅವನ ಅಗಲವಾದ ಪಾದದಡಿ ಇಟ್ಟಿಗೆಗಳು ಪಚಪಚನೆ ಅಪ್ಪಚ್ಚಿಯಾದವು.

“ನೀನ್ಯಾಕ್ಲಾ ತುಳೀತೀಯ ಬೋಳಿಮಗ್ನೇ! ಈಚೆ ಬಾ! ಯಾರೂ ಒಳೀಕ್ಕೆ ಓಗ್ಬೇಡಿ, ಇಟ್ಗೆ ಆಳಾಯ್ತವೆ!”

ಬ್ಯಾಟರಾಯಪ್ಪ ಒಂದು ಕಾಲು ಎತ್ತಿಕೊಂಡು ಅಲ್ಲೇ ನಿಂತ. ಮುಂದೆ ಇಟ್ಟರೂ ಇಟ್ಟಿಗೆ, ಹಿಂದೆ ಇಟ್ಟರೂ ಇಟ್ಟಿಗೆ.

“ಅಕ್ಕಾ!” ಲಾರಿಯ ಕಡೆಯಿಂದ ಖುರ್ಷೀದ್ ಕೂಗಿದಳು. “ಆ ಕಡೇದು ಒಂದು ಬಿಟ್ಟೆ ನೋಡು!”

ಮುನಿಕೆಂಪಮ್ಮ ಹಿಂದಿರುಗಿ ಬಂದು ಅದನ್ನೂ ತುಳಿದಳು. ಖುರ್ಷೀದ್ ತಲೆಯ ಮೇಲಿನ ಹೊರೆಯನ್ನು ಒಂದೊಂದಾಗಿ ನೆಲಕ್ಕಿಳಿಸಿದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳ ಹಿಂದೆ ನಿಂತಿದ್ದವರೂ ಹೊರೆ ಇಳಿಸತೊಡಗಿದರು.

ಅಂಚಿನಲ್ಲಿ ಯಜಮಾನ ಬೊಬ್ಬೆ ಹಾಕುತ್ತಲೇ ಇದ್ದ. ಮುನಿಕೆಂಪಮ್ಮ ಇಟ್ಟಿಗೆಯನ್ನು ತಲೆಯ ಮೇಲೆ ಒಂದಿಷ್ಟು ಸರಿಮಾಡಿಕೊಂಡು ಮುಂದಿನ ಸಾಲಿಗೆ ಕಾಲಿಟ್ಟಳು.