ಕೊಸರಿನ ಲೆಕ್ಕ

ಅಂಗಡಿಗೆ ಬಾಗಿಲು ಬೇಡ, ತಕ್ಕಡಿ ಬೇಡ, ಗಿರಾಕಿಯ ಮುಖವನ್ನೂ ನೋಡಬೇಕಾಗಿಲ್ಲ, ಆದರೂ ಅದು ವ್ಯಾಪಾರವಂತೆ! ನನ್ನ ತಮ್ಮನ ಮಗ ಅಮೃತೇಶ ಹಾಗೆಂದು ನಂಬಿದ್ದ. ಅದು ಎರಡು ಸಾವಿರದ ಏಳನೇ ಇಸವಿ. ನಂಜನಗೂಡಿನ ಆರ್.ಪಿ. ರಸ್ತೆಯ ಸೈಬರ್ ಕೆಫೆಯಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ ತೆತ್ತು ಕೂತು, ವಿಭೂತಿ ಗಟ್ಟಿಗಳ ಫೋಟೋ ತೆಗೆದು ಇಂಟರ್‌ನೆಟ್ಟಿಗೆ ಏರಿಸುತ್ತಿದ್ದ. ಪುಣೆಯವರೂ ಸೊಲ್ಲಾಪುರದವರೂ ಕೊಳ್ಳುತ್ತಿದ್ದರು. ಅವರೂರಲ್ಲಿ ವಿಭೂತಿ ಸಿಗುವುದಿಲ್ಲವೇ ಎಂದು ಕೇಳಿದರೆ, ‘ನಂಜನಗೂಡಿಂದು ಅಂದ್ರೆ ಬೆಲೆ ಜಾಸ್ತಿ ದೊಡ್ಡಪ್ಪ’ ಎಂದು ಹಲ್ಲು ಬಿಡುತ್ತಿದ್ದ.

ಅವನು ಹಲ್ಲು ಬಿಟ್ಟುಕೊಂಡಿದ್ದರೆ ನನಗೇನೂ ನಷ್ಟವಿರಲಿಲ್ಲ. ಆದರೆ ಕಾರ್ತಿಕದ ಒಂದು ಭಾನುವಾರ ಬೆಳಿಗ್ಗೆ ಅವನು ನಮ್ಮ ಜಗಲಿಗೆ ಬಂದು, ಜೇಬಿನಿಂದ ರಾಜೀನಾಮೆ ಪತ್ರ ತೆಗೆದು ತೋರಿಸಿದ. ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯಲ್ಲಿ ಅವನದು ಪರ್ಮನೆಂಟ್ ಕೆಲಸ. ಅದಕ್ಕಾಗಿ ಅವರಪ್ಪ ಎಷ್ಟು ಜನರ ಮನೆ ಬಾಗಿಲು ಕಾದಿದ್ದ ಎಂಬುದು ನನಗೆ ಗೊತ್ತು.

‘ನಾಳೆ ಕೊಟ್ಬುಡ್ತೀನಿ ದೊಡ್ಡಪ್ಪ. ಅದಕ್ಮುಂಚೆ ನೀವೊಂದ್ಸಲ ಲೆಕ್ಕ ನೋಡಿ. ಇಪ್ಪತ್ತೇಳು ಸಾವಿರ ಲಾಭ ಬಂದದೆ.’

ನೋಡಲು ನನ್ನನ್ನೇ ಕೇಳಿದ, ಅಷ್ಟಾದರೂ ಬುದ್ಧಿಯಿತ್ತು. ಕಲ್ಲಯ್ಯನೆಂದರೆ ತಿ. ನರಸೀಪುರದ ಅಕ್ಕಿ ಮಂಡಿಯವರಿಗೆಲ್ಲ ಗೊತ್ತು. ಮೂವತ್ತೆಂಟು ವರ್ಷ ಒಂದೇ ಮಂಡಿಯಲ್ಲಿ ಕೂತು ಲೆಕ್ಕ ಬರೆದೆ. ನಾಲ್ಕಾಣೆ ತಾಳೆಯಾಗದಿದ್ದರೆ ಊಟಕ್ಕೆ ಏಳುತ್ತಿರಲಿಲ್ಲ. ‘ಕಲ್ಲಯ್ಯನ ಕಣ್ಣು ತಪ್ಪಿಸಿ ಒಂದು ಕಾಳು ಆಚೆ ಹೋಗಲ್ಲ’ ಎಂದು ಯಜಮಾನರು ನಾಲ್ಕು ಜನರೆದುರು ಹೇಳಿದ್ದುಂಟು.

ಅಮೃತೇಶನ ಲೆಕ್ಕದ ಪುಸ್ತಕ ನೋಡಿ ಮೈ ಉರಿಯಿತು. ಶಾಲೆ ಹುಡುಗರ ನೋಟ್‌ಬುಕ್. ಬಂದದ್ದಕ್ಕೆ ಹಸಿರು ಸ್ಕೆಚ್ ಪೆನ್ನು, ಹೋದದ್ದಕ್ಕೆ ಕೆಂಪು. ತಾರೀಖು ಒಂದು ಕಡೆ ಇದ್ದರೆ ಮೂರು ಕಡೆ ಇಲ್ಲ.

‘ಸೈಬರ್‌ನವ್ನಿಗೆ ಕೊಟ್ಟಿದ್ದು ಎಲ್ಲಿ ಬರ್ದಿದ್ದೀಯ?’

‘ಅದು ನನ್ ಸಂಬಳದ್ದು ದೊಡ್ಡಪ್ಪ, ವ್ಯಾಪಾರದ್ದಲ್ಲ.’

‘ಸಂಬಳ ನಾಳೆ ನಿಂತೋಯ್ತದಲ್ಲಾ, ಆಮೇಲೆ ಯಾರಪ್ಪನ ಜೇಬಿಂದ ಕೊಡ್ತೀಯ?’

ಅವನು ಯುಗಾದಿಯಲ್ಲಿ ವ್ಯಾಪಾರ ಶುರು ಮಾಡಿದಾಗ ನಾನೇ ಕೂರಿಸಿಕೊಂಡು ಪಾಠ ಹೇಳಿದ್ದೆ. ವ್ಯಾಪಾರದ ದುಡ್ಡಿಗೆ ಬೇರೆ ಬ್ಯಾಂಕ್ ಖಾತೆ ಇರಲಿ, ಮನೆ ಖರ್ಚಿಗೆ ಅದನ್ನು ಮುಟ್ಟಬೇಡ. ಚೀಟಿ ಎಷ್ಟೇ ಚಿಕ್ಕದಿರಲಿ ಎಸೆಯಬೇಡ. ಕೊಸರನ್ನು ಮಾತ್ರ ಬರೆಯಬೇಡ. ಅಳತೆ ಮುಗಿದ ಮೇಲೆ ಗಿರಾಕಿಯ ಚೀಲಕ್ಕೆ ಹಾಕುವ ಒಂದು ಹಿಡಿ ನಮ್ಮ ಕೈಯ ಧಾರಾಳ, ಅದನ್ನು ಲೆಕ್ಕಕ್ಕೆ ತಂದರೆ ಶ್ರೇಯಸ್ಸಲ್ಲ. ಇದಿಷ್ಟನ್ನೂ ಶ್ರದ್ಧೆಯಿಂದ ಬರೆದುಕೊಂಡಿದ್ದ. ಚೀಟಿಗಳನ್ನು ಒಂದೂ ಬಿಡದೆ ತಂತಿಗೆ ಚುಚ್ಚಿಟ್ಟಿದ್ದ.

ಆ ಚೀಟಿಗಳನ್ನು ಒಂದೊಂದಾಗಿ ಓದಿದೆ. ಒಂದು ಡಬ್ಬಿಗೆ ಆರು ಗಟ್ಟಿ, ಬೆಲೆ ನೂರಿಪ್ಪತ್ತು. ಇಂಟರ್‌ನೆಟ್ಟಿನವರು ಕಮಿಷನ್ ಹನ್ನೆರಡು ಮುರಿದುಕೊಳ್ಳುತ್ತಾರೆ. ಡಬ್ಬಿಗೆ ಹದಿನಾಲ್ಕು, ಗಟ್ಟಿಗಳಿಗೆ ಮೂವತ್ತು. ಕೊರಿಯರಿಗೆ ಎಪ್ಪತ್ತು. ಕೂಡಿದರೆ ನೂರಿಪ್ಪತ್ತಾರು.

‘ಲೇ, ಒಂದೊಂದು ಡಬ್ಬಿಗೂ ಆರು ರುಪಾಯಿ ಕೈಯಿಂದ ಆಕಿ ಮಾರಿದ್ದೀಯಲ್ಲೋ! ಐನೂರು ಡಬ್ಬಿಗೆ ಮೂರು ಸಾವಿರ ಲುಕ್ಸಾನು. ಯಾವ್ ಲಾಭಕ್ಕೆ ಕೆಲ್ಸ ಬಿಡ್ತಿದ್ದೀಯ?’

‘ಕೊರಿಯರ್ ರೇಟೇ ಅಂಗೆ ದೊಡ್ಡಪ್ಪ...’

ರೇಟಂತೆ. ಕೊರಿಯರ್ ಚೀಟಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ತೂಕ ಬರೆದಿತ್ತು, ಐನೂರ ನಲವತ್ತು ಗ್ರಾಂ. ಅರ್ಧ ಕೇಜಿಯೊಳಗಿದ್ದರೆ ಮೂವತ್ತೈದು, ಮೀರಿದರೆ ಎಪ್ಪತ್ತು ಎಂದು ಹಿಂಬದಿಯಲ್ಲಿ ಅಚ್ಚಾಗಿತ್ತು. ಗಟ್ಟಿಗೆ ಅರವತ್ತು ಗ್ರಾಂ, ಆರಕ್ಕೆ ಮುನ್ನೂರ ಅರವತ್ತು. ಡಬ್ಬಿಯ ತೂಕ ನೂರಿಪ್ಪತ್ತು. ಒಟ್ಟು ನಾನೂರ ಎಂಬತ್ತಾಗಬೇಕು. ಇನ್ನು ಅರವತ್ತು ಎಲ್ಲಿಂದ ಬಂತು?

ಕಳಿಸಲೆಂದು ಒಳಗೆ ಕಟ್ಟಿಟ್ಟಿದ್ದ ಒಂದು ಡಬ್ಬಿ ತರಿಸಿ ಬಿಚ್ಚಿದೆ. ಏಳು ಗಟ್ಟಿ ಇದ್ದವು.

ಕಟ್ಟುವವಳು ನನ್ನ ಹೆಂಡತಿ ಪುಟ್ಟಬಸಮ್ಮ. ವಿಭೂತಿ ಮಾಡುವುದು ಅವಳಿಗೆ ತವರಿನಿಂದ ಬಂದ ಕೆಲಸ. ಬೆರಣಿ ಸುಟ್ಟು, ಬೂದಿ ಸೋಸಿ, ಗಟ್ಟಿ ಕಟ್ಟಿ ಒಣಗಿಸುತ್ತಾಳೆ. ಬಲು ಗಟ್ಟಿ ಹೆಂಗಸು. ಒಮ್ಮೆ ಮಂಡಿಯಲ್ಲಿ ಆರು ತಿಂಗಳು ಸಂಬಳ ನಿಂತಾಗ, ಅವಳ ತಾಯಿ ಕೊಟ್ಟಿದ್ದ ಜೋಡಿ ಚಿನ್ನದ ಬಳೆಗಳನ್ನು ಅಡವಿಡಲು ಕೇಳಿದ್ದೆ. ಕೈಯನ್ನು ಸೆರಗಿನೊಳಗೆ ಎಳೆದುಕೊಂಡವಳು ಕೊನೆಗೂ ಕೊಡಲಿಲ್ಲ.

‘ಇದೇನೇ ಏಳು?’ ಎಂದು ಕೂಗಿದೆ.

ಹಿತ್ತಲಿಂದ ಕೈ ಒರೆಸಿಕೊಂಡು ಬಂದಳು. ‘ಕೊಸರು ಕಣ್ರೀ. ದೂರದೋರು, ನಂಬಿ ದುಡ್ ಕಳಿಸ್ತಾರೆ. ಬರೀ ಲೆಕ್ಕದಷ್ಟೇ ಕೊಟ್ರೆ ಏನಂದ್ಕೊಂಡಾರು? ಅದ್ಕೆ ನಾನೇನು ದುಡ್ ಈಸ್ಕೊಂಡಿಲ್ಲ.’

‘ನಿನ್ನ ಕೊಸರಿಗೆ ಕೊರಿಯರ್‌ನವ್ನು ಮೂವತ್ತೈದು ರುಪಾಯಿ ಕಿತ್ಕೋತಾವ್ನೆ! ಅದೊಂದು ಇಲ್ದಿದ್ರೆ ಡಬ್ಬಿಗೆ ಇಪ್ಪತ್ತೊಂಬತ್ತು ಉಳೀತಿತ್ತು.’

‘ನಂಗೇನ್ ಗೊತ್ತು? ಕೊಸರು ಲೆಕ್ಕಕ್ಕಿಲ್ಲ ಅಂತ ಮದ್ವೆಯಾದಾಗಿಂದ ಏಳ್ಕೊಂಡು ಬಂದೋರು ನೀವು. ಮಂಡೀಲಿ ಮಾತ್ರ ಏನ್ ಮಾಡ್ತಿದ್ರಿ? ಕೊಸರಿಗೆ ಆಕಿದ ಅಕ್ಕೀನೆಲ್ಲ ವರ್ಷದ್ ಕೊನೇಲಿ ಇಲಿ ತಿಂದದ್ದು ಅಂತ ಬರೀತಿರ್ಲಿಲ್ವಾ?’

ಅಮೃತೇಶ ನಗು ತಡೆದುಕೊಂಡ. ಅದು ಮಂಡಿಯ ಪದ್ಧತಿ. ಪ್ರತಿ ವರ್ಷ ಎರಡು ಮೂಟೆ ‘ಇಲಿ ತಿಂದದ್ದು’ ಎಂದು ನಾನೇ ಬರೆಯುತ್ತಿದ್ದೆ, ಮಂಡಿಯಲ್ಲಿ ಮೂರು ಬೆಕ್ಕುಗಳಿದ್ದರೂ. ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಬಿಡದಂಥ ವಿಷಯ ಇನ್ನೊಂದಿತ್ತು. ಮೂರು ಸಾವಿರ ಕಳೆದುಕೊಂಡವನ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇಪ್ಪತ್ತೇಳು ಸಾವಿರ ಇರುವುದು ಹೇಗೆ? ನೋಟ್‌ಬುಕ್ಕಿನ ಪುಟ ತಿರುವಿದೆ. ಗೌರಿ ಹಬ್ಬದ ಹಿಂದಿನ ವಾರ, ಹಸಿರು ಪೆನ್ನಿನಲ್ಲಿ, ಜಮೆ ಮೂವತ್ತು ಸಾವಿರ. ಎದುರಿಗೆ ಹೆಸರಿಲ್ಲ.

‘ಇದ್ಯಾವ ಗಿರಾಕೀನೋ, ಒಂದೇ ದಿನಕ್ಕೆ ಮೂವತ್ತು ಸಾವಿರದ ವಿಭೂತಿ ಬಳ್ಕೊಂಡೋನು?’ ನನ್ನ ಮಾತಿಗೆ ನಾನೇ ನಕ್ಕೆ. ‘ಯಾರಾದ್ರೂ ಕೊಟ್ಟ ದುಡ್ಡು ಲಾಭ ಆಗಲ್ಲ ಕಣ್ಲಾ ದಡ್ಡ. ಅದು ಸಾಲ. ತೀರಿಸ್ಬೇಕಾದ್ದು. ಕತ್ತೆ ಕಾಯೋನಿಗೂ ಗೊತ್ತಿರೋ ವಿಷ್ಯ. ಯಾರ್ದು ಅದು?’

ಅವನು ನನ್ನನ್ನು ನೋಡಲಿಲ್ಲ. ದೊಡ್ಡಮ್ಮನನ್ನು ನೋಡಿದ.

‘ಕಂಪ್ಯೂಟರ್ ತಗೋ ಅಂತ ದೊಡ್ಡಮ್ಮ ಕೊಟ್ರು. ಬರ್ಕೊತೀನಿ ಅಂದೆ. ಇದು ನಿನ್ ವ್ಯಾಪಾರಕ್ಕೆ ನನ್ ಕೊಸರು, ಬರೀಬ್ಯಾಡ ಅಂದ್ರು. ಕೂಡಿಟ್ಟಿದ್ದ ದುಡ್ಡು ಅಂದ್ಕೊಂಡೆ ದೊಡ್ಡಪ್ಪ.’

ಕೂಡಿಡಲು ಅವಳಿಗೆ ಮೂವತ್ತು ಸಾವಿರ ಎಲ್ಲಿಂದ ಬರಬೇಕು? ನಾನು ಕೊಡುತ್ತಿದ್ದದ್ದು ಎಷ್ಟೆಂದು ನನಗೇ ಗೊತ್ತಿತ್ತು. ಆಗ ಅವಳ ಕೈ ನೋಡಿದೆ. ಎರಡೂ ಕೈಯಲ್ಲಿ ಹಸಿರು ಗಾಜಿನ ಬಳೆ, ಬೇರೇನೂ ಇಲ್ಲ. ಗೌರಿ ಹಬ್ಬದಿಂದ ಈಚೆಗೆ ಮೂರು ತಿಂಗಳು ಅದೇ ಕೈ ನನಗೆ ದಿನಾ ಮುದ್ದೆ ಬಡಿಸಿತ್ತು. ಉಪ್ಪು ಕಮ್ಮಿ ಎಂದದ್ದು ನೆನಪಿದೆ. ಚಿನ್ನದ ಬಳೆ ಇಲ್ಲದ್ದು ಕಂಡಿರಲಿಲ್ಲ.

‘ನಾನ್ ಕೇಳ್ದಾಗ ಕೊಡ್ಲಿಲ್ಲ’ ಎಂದೆ.

‘ಅವ್ನು ಕೇಳ್ಲೇ ಇಲ್ವಲ್ರೀ’ ಎಂದಳು. ‘ಈ ಮನೇಲಿ ನಲ್ವತ್ತು ವರ್ಷದಿಂದ ವಿಭೂತಿ ಮಾಡಿದ್ದೀನಿ. ಗಟ್ಟಿಗೆ ಐದು ರುಪಾಯಿ ಅಂತ ಎಣಿಸಿ, ನನ್ ಹೆಸರು ಬರ್ದು, ಕೈಗೆ ದುಡ್ ಕೊಟ್ಟೋನು ಅವ್ನೊಬ್ನೇ.’

ಪುಸ್ತಕ ತಿರುಗಿಸಿ ನೋಡಿದೆ. ಪ್ರತಿ ಪುಟದಲ್ಲೂ ಇತ್ತು, ಕೆಂಪು ಪೆನ್ನಿನಲ್ಲಿ: ‘ಪುಟ್ಟಬಸಮ್ಮ ದೊಡ್ಡಮ್ಮನಿಗೆ’. ನಾನು ಬರೆದ ಮೂವತ್ತೆಂಟು ವರ್ಷದ ಪುಸ್ತಕಗಳಲ್ಲಿ, ಮನೆಯಲ್ಲಿ ಬರೆದಿಟ್ಟವುಗಳಲ್ಲೂ, ಆ ಹೆಸರು ಒಂದು ಸಲವೂ ಬಂದಿಲ್ಲ. ನಾಚಿಕೆಯಾಯಿತು.

ನನ್ನ ಪೆನ್ನು ತೆಗೆದು ಮೂವತ್ತು ಸಾವಿರದ ಎದುರಿಗೆ ಬರೆದೆ: ‘ಪುಟ್ಟಬಸಮ್ಮನವರಿಂದ ಸಾಲ’. ಅಮೃತೇಶ ರಾಜೀನಾಮೆ ಪತ್ರವನ್ನು ಮಡಿಸಿ ಜೇಬಿಗಿಟ್ಟ. ಮಾರನೆಯ ದಿನ ಅವನು ಫ್ಯಾಕ್ಟರಿಗೆ ಹೋದ. ಡಬ್ಬಿಗೆ ಆರೇ ಗಟ್ಟಿ ಎಂದು ಗೊಣಗುತ್ತಾ ಇವಳು ಒಪ್ಪಿಕೊಂಡಳು.

ವಾರದೊಳಗೆ, ಅವಳು ಅಡವಿಟ್ಟಿದ್ದ ಬಳೆ ಬಿಡಿಸಲು ಹೊರಟೆವು. ಇಪ್ಪತ್ತೇಳು ಸಾವಿರ ಅವನ ಖಾತೆಯಿಂದ ಬಂತು. ಕಮ್ಮಿ ಬಿದ್ದ ಮೂರು ಸಾವಿರವನ್ನೂ ಬಡ್ಡಿಯನ್ನೂ ನನ್ನ ಪೆಟ್ಟಿಗೆಯಿಂದ ತೆಗೆದು ಕೊಟ್ಟೆ. ಅಮೃತೇಶ ಪುಸ್ತಕ ತೆರೆದು, ಕೆಂಪು ಪೆನ್ನು ಹಿಡಿದು ಕೇಳಿದ:

‘ಈ ಮೂರು ಸಾವಿರದ ಲುಕ್ಸಾನು ಏನಂತ ಬರೀಲಿ ದೊಡ್ಡಪ್ಪ?’

ಇಲಿ ತಿಂದದ್ದು ಎಂದು ಬಾಯಿಗೆ ಬಂದಿತ್ತು.

‘ಕಲ್ಲಯ್ಯ ಅಂತ ಬರಿ’ ಎಂದೆ.